ಮೀನಿನ ತೊಟ್ಟಿಗೆ ಕೈ ಇಳಿಸುವ ಮುನ್ನ: ಕೈಗವಸು ಧರಿಸುವ ಸರಿಯಾದ ಕ್ರಮ

ಮನೆಯ ಅಕ್ವೇರಿಯಂ ತೊಳೆಯುವಾಗ ಕೈಗವಸು ಹಾಕಿಕೊಳ್ಳಬೇಕು ಎಂಬುದು ಈಗ ಹಲವರಿಗೆ ಗೊತ್ತಿದೆ. ಆದರೆ ಹಾಕಿಕೊಳ್ಳುವವರಲ್ಲಿ ಹೆಚ್ಚಿನವರು ಔಷಧಿ ಅಂಗಡಿಯಲ್ಲಿ ಸಿಗುವ, ಮಣಿಕಟ್ಟು ದಾಟಿ ಸ್ವಲ್ಪವೇ ಮೇಲೆ ಬರುವ ತೆಳುವಾದ ಕೈಗವಸನ್ನು ತೊಟ್ಟು, ಒಂದೂವರೆ ಅಡಿ ಆಳದ ತೊಟ್ಟಿಗೆ ಮೊಣಕೈ ಮುಳುಗುವಷ್ಟು ಕೈ ಇಳಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೈ ಇಳಿದ ಕ್ಷಣದಲ್ಲೇ ಅಂಚಿನ ಮೇಲಿಂದ ನೀರು ಒಳನುಗ್ಗುತ್ತದೆ. ಆಮೇಲೆ ಕೆಲಸ ಮುಗಿಯುವವರೆಗೂ ಬೆರಳುಗಳು ಅದೇ ನೀರಿನಲ್ಲಿ ನೆನೆಯುತ್ತವೆ. ನೆನೆದ ಚರ್ಮ ಮೆತ್ತಗಾಗಿ, ಉಗುರಿನ ಬದಿಯ ಸಿಬಿರು ಮತ್ತು ಹಳೆಯ ತರಚುಗಾಯಗಳು ಸಡಿಲಗೊಂಡು ಬಾಯಿ ತೆರೆಯುತ್ತವೆ. ಕೈಗವಸು ಹಾಕಿದ್ದೇವೆಂಬ ಧೈರ್ಯ ಒಂದೇ ಉಳಿಯುತ್ತದೆ, ರಕ್ಷಣೆ ಉಳಿಯುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಯಾವ ಕೈಗವಸು ಕೊಳ್ಳಬೇಕು ಎಂಬುದಕ್ಕಿಂತ, ಅದರೊಳಗೆ ನೀರು ಬಾರದಂತೆ ಕೆಲಸ ಮಾಡುವುದು ಹೇಗೆ ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲಿಗೆ, ಯಾವುದರಿಂದ ರಕ್ಷಣೆ ಎಂಬುದು ತಿಳಿದಿರಲಿ. ಮೀನಿನ ತೊಟ್ಟಿಯ ನೀರು, ಮರಳು ಮತ್ತು ಫಿಲ್ಟರಿನ ಲೋಳೆಯಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಇದು ಕ್ಷಯರೋಗ ತರುವ ಬ್ಯಾಕ್ಟೀರಿಯಾದ ಜಾತಿಗೇ ಸೇರಿದ್ದು. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಸಮುದ್ರಮೀನುಗಳಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಮನುಷ್ಯರ ಚರ್ಮಕ್ಕೂ ಇದು ತಗಲುತ್ತದೆ ಎಂಬುದು 1951ರಲ್ಲಿ ಸ್ವೀಡನ್ನಿನ ಈಜುಕೊಳವೊಂದನ್ನು ಬಳಸಿದವರಲ್ಲಿ ಖಚಿತವಾಯಿತು, 1962ರಲ್ಲಿ ಮನೆಯ ಮೀನಿನ ತೊಟ್ಟಿಯಿಂದ ತಗಲಿದ ಸೋಂಕು ವರದಿಯಾಯಿತು. ಈ ಬ್ಯಾಕ್ಟೀರಿಯಾ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ದೇಹದ ಒಳಗಿನ 37 ಡಿಗ್ರಿ ಬಿಸಿ ಅದಕ್ಕೆ ಹಿಡಿಸುವುದಿಲ್ಲ. ಹಾಗಾಗಿಯೇ ದೇಹದ ಉಳಿದ ಭಾಗಕ್ಕಿಂತ ತಂಪಾಗಿರುವ ಬೆರಳು, ಮುಂಗೈ ಮತ್ತು ತೋಳಿನ ಚರ್ಮದಲ್ಲಿ ಅದು ನೆಲೆಯೂರುತ್ತದೆ. ಗಾಯವಿಲ್ಲದ ಚರ್ಮವನ್ನು ಅದು ದಾಟಲಾರದು. ಆದರೆ ತೆಂಗಿನಕಾಯಿ ತುರಿಯುವಾಗ ತರಚಿದ ಬೆರಳಿನ ತುದಿ, ಪಾತ್ರೆ ಉಜ್ಜಿ ಬಿರಿದ ಚರ್ಮ, ಈಳಿಗೆ ಮಣೆಯ ಗೀರು, ಇಷ್ಟು ಸಾಕು ಅದಕ್ಕೆ ದಾರಿಯಾಗಲು. ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ರೋಗ ಇದಲ್ಲ, ಸೋಂಕು ತಗಲುವುದೂ ಅಪರೂಪ. ಇದಕ್ಕೆ ಹೆದರಿ ಮೀನು ಸಾಕುವುದನ್ನು ಯಾರೂ ಬಿಡಬೇಕಿಲ್ಲ. ಆದರೆ ತಗಲಿದರೆ ತಿಂಗಳುಗಟ್ಟಲೆ ಔಷಧ ನುಂಗಬೇಕಾಗುತ್ತದೆ, ಅಷ್ಟರ ಮಟ್ಟಿಗೆ ಎಚ್ಚರ ಬೇಕೇ ಬೇಕು.

ಬ್ಯಾಕ್ಟೀರಿಯಾದ ಜೊತೆಗೆ ರಾಸಾಯನಿಕಗಳೂ ಇವೆ. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಾಲಿನ್, ಗಿಡಗಳಿರುವ ತೊಟ್ಟಿಗೆ ದ್ರವ ಇಂಗಾಲದ ಹೆಸರಿನಲ್ಲಿ ಮಾರುವ ಗ್ಲುಟರಾಲ್ಡಿಹೈಡ್, ಇವೆಲ್ಲ ಚರ್ಮವನ್ನು ಕೆರಳಿಸುವಂಥವು. ಬಾಟಲಿಯ ಮುಚ್ಚಳ ತೆರೆದು ಅಳೆಯುವಾಗಲೇ ಕೈಗವಸು ಇರಬೇಕು. ಇನ್ನು ಕೈಗವಸು ಮೀನಿಗೂ ರಕ್ಷಣೆಯೇ: ಸ್ಯಾನಿಟೈಸರ್, ಸೊಳ್ಳೆ ಓಡಿಸುವ ಕ್ರೀಮ್, ಸೋಪಿನ ಅಂಶ ಇವು ನಮ್ಮ ಕೈಯಿಂದ ತೊಟ್ಟಿಯ ನೀರಿಗೆ ಇಳಿಯುವುದನ್ನು ಅದು ತಡೆಯುತ್ತದೆ.

ಕೈಗವಸಿನ ಆಯ್ಕೆ

ಅಂಗಡಿಯಲ್ಲಿ ಸಿಗುವ ಬಿಸಾಡುವ ಕೈಗವಸುಗಳಲ್ಲಿ ಮೂರು ಬಗೆ: ವಿನೈಲ್, ಲೇಟೆಕ್ಸ್ ಮತ್ತು ನೈಟ್ರೈಲ್. ವಿನೈಲ್ ಅಗ್ಗವಾದರೂ ಬೇಗ ಹರಿಯುತ್ತದೆ, ಬೆರಳಿಗೆ ಬಿಗಿಯಾಗಿ ಕೂರುವುದೂ ಇಲ್ಲ, ಅದನ್ನು ಕೊಳ್ಳಲೇಬೇಡಿ. ಲೇಟೆಕ್ಸ್ ಎಳೆದಂತೆ ಹಿಗ್ಗುತ್ತದೆ, ಆದರೆ ಕೆಲವರಿಗೆ ಅಲರ್ಜಿ ತರುತ್ತದೆ. ನೈಟ್ರೈಲ್ ಚುಚ್ಚುವಿಕೆಯನ್ನು ಉಳಿದೆರಡಕ್ಕಿಂತ ಚೆನ್ನಾಗಿ ತಡೆಯುತ್ತದೆ. ಯಾವುದೇ ಆದರೂ ಪೌಡರ್ ಹಚ್ಚಿದ್ದು ಬೇಡ. ಆ ಪುಡಿ ನೀರನ್ನು ಕದಡುತ್ತದೆ, ಉಸಿರಿಗೂ ಒಳ್ಳೆಯದಲ್ಲ. ವೈದ್ಯರ ಬಳಕೆಗೆ ಬರುವ ಪೌಡರ್ ಕೈಗವಸುಗಳನ್ನು ಅಮೆರಿಕದಲ್ಲಿ 2017ರಲ್ಲಿ ನಿಷೇಧಿಸಿಯೂ ಆಗಿದೆ.

ಆದರೆ ಈ ಮೂರೂ ಸುಮಾರು 24 ಸೆಂಟಿಮೀಟರ್ ಉದ್ದದವು, ಅಂದರೆ ಬೆರಳ ತುದಿಯಿಂದ ಒಂಬತ್ತೂವರೆ ಇಂಚು. ಬಕೆಟ್ಟಿನಲ್ಲಿ ಸ್ಪಂಜು ತೊಳೆಯಲು, ಔಷಧಿ ಅಳೆಯಲು ಇವು ಸಾಕು. ತೊಟ್ಟಿಗೆ ಕೈ ಇಳಿಸಲು ಸಾಲವು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹನ್ನೆರಡು ಹದಿಮೂರು ಇಂಚು ಇರುತ್ತದೆ. ಒಂದಡಿ ಎತ್ತರದ ಸಣ್ಣ ತೊಟ್ಟಿಗೆ, ಅದೂ ನೀರು ಇಳಿಸಿದ ಮೇಲೆ, ಅದು ನಡೆಯುತ್ತದೆ. ಕೊಳ್ಳುವಾಗ ಒಳಗೆ ಆಲೋವೆರಾ ಲೇಪ, ಸುವಾಸನೆ, ಕೀಟಾಣುನಾಶಕ ಎಂದೆಲ್ಲ ಬರೆದಿರುವುದನ್ನು ಬಿಟ್ಟು ಸಾದಾ ಕೈಗವಸನ್ನೇ ಕೇಳಿ ಪಡೆಯಿರಿ. ಕೆಲವರು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವಾಗ ಬಳಸುವ, ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸನ್ನು ಪಶು ಔಷಧಿ ಅಂಗಡಿಯಿಂದ ತರುತ್ತಾರೆ. ಉದ್ದಕ್ಕೇನೂ ಕೊರತೆಯಿಲ್ಲ, ಆದರೆ ಅದು ಸಡಿಲ ಚೀಲದಂತೆ ತೇಲಿ ಗಿಡಗಳಿಗೆ ಸಿಕ್ಕಿಕೊಳ್ಳುತ್ತದೆ, ಒಂದು ಒರಟು ಕಲ್ಲು ತಾಗಿದರೂ ಹರಿಯುತ್ತದೆ. ಹೊರಗೆ ಗಟ್ಟಿ ಕೈಗವಸು ತೊಡದೆ ಅದನ್ನೊಂದನ್ನೇ ಬಳಸಬಾರದು.

ನನ್ನ ಸ್ಪಷ್ಟ ಶಿಫಾರಸು ಇಷ್ಟು: ಮೊಣಕೈ ದಾಟಿ ತೋಳಿನ ನಡುವಿನವರೆಗೆ ಬರುವ, ಮೇಲಂಚಿಗೆ ಎಲಾಸ್ಟಿಕ್ ಇರುವ ದಪ್ಪ ರಬ್ಬರ್ ಅಥವಾ ಪಿವಿಸಿ ಕೈಗವಸು ಒಂದು ಜೊತೆ, ಅದರೊಳಗೆ ತೊಡಲು ಪೌಡರ್ ಇಲ್ಲದ ನೈಟ್ರೈಲ್ ಕೈಗವಸು. ಹೊರಗಿನದು ತೂತಾದರೂ ಒಳಗಿನದು ಬೆರಳುಗಳನ್ನು ಕಾಯುತ್ತದೆ. ಗಾಯಗಳು ಹೆಚ್ಚಾಗಿ ಆಗುವುದು ಬೆರಳುಗಳಿಗೇ.

ಉದ್ದ ಅಳೆಯುವ ಬಗೆ

ಬಹಳ ಜನ ಎಡವುವುದು ಇಲ್ಲಿಯೇ. ತೊಟ್ಟಿಯ ಎತ್ತರ 18 ಇಂಚು, ಆದ್ದರಿಂದ 18 ಇಂಚಿನ ಕೈಗವಸು ಸಾಕು ಎಂದು ಲೆಕ್ಕ ಹಾಕುತ್ತಾರೆ. ಆದರೆ ನಾವು ಕೈಯನ್ನು ನೇರ ಕೆಳಗೆ ಇಳಿಸುವುದು ಕಡಿಮೆ. ಮುಂಭಾಗದಲ್ಲಿ ನಿಂತು, ಹಿಂಬದಿಯ ಮೂಲೆಯಲ್ಲಿ ಬಿದ್ದ ಕಲ್ಲನ್ನು ಎತ್ತಲು, ಫಿಲ್ಟರಿನ ಬುಡ ಸರಿಪಡಿಸಲು ಕೈಯನ್ನು ಓರೆಯಾಗಿ ಚಾಚುತ್ತೇವೆ. ಓರೆ ಅಳತೆ ಯಾವಾಗಲೂ ನೇರ ಆಳಕ್ಕಿಂತ ಹೆಚ್ಚು.

ಒಂದು ಉದ್ದನೆಯ ಸ್ವಚ್ಛ ಕೋಲು ತೆಗೆದುಕೊಳ್ಳಿ. ನೀವು ಕೆಲಸ ಮಾಡುವಾಗ ನಿಲ್ಲುವ ಜಾಗದಲ್ಲೇ ನಿಂತು, ಮುಂದಿನ ಗಾಜಿನ ಮೇಲಂಚಿನ ಹತ್ತಿರದಿಂದ ಹಿಂದಿನ ದೂರದ ಮೂಲೆಯ ತಳಕ್ಕೆ ಆ ಕೋಲನ್ನು ಓರೆಯಾಗಿ ತಾಗಿಸಿ ಹೊರತೆಗೆಯಿರಿ. ಎಷ್ಟು ಉದ್ದ ಒದ್ದೆಯಾಗಿದೆಯೋ ಅಷ್ಟು ಉದ್ದದ ಕೈ ನೀರಿನೊಳಗೆ ಹೋಗುತ್ತದೆ. ಉದಾಹರಣೆಗೆ, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ತಳದ ಮರಳು ಎರಡಿಂಚು, ಮೇಲೆ ಖಾಲಿ ಜಾಗ ಎರಡಿಂಚು ಬಿಟ್ಟರೆ ನೀರಿನ ನೇರ ಆಳ 14 ಇಂಚು. ಕೈ ಹಿಂದಕ್ಕೆ 12 ಇಂಚು ಚಾಚಿದರೆ ಓರೆ ಅಳತೆ ಹದಿನೆಂಟೂವರೆ ಇಂಚಿನ ಹತ್ತಿರ ಬರುತ್ತದೆ. ಇದಕ್ಕೆ ಕನಿಷ್ಠ ನಾಲ್ಕಿಂಚು ಸೇರಿಸಿ. ಎರಡಿಂಚು ಅಂಚನ್ನು ಮಡಚಲು ಬೇಕು, ಇನ್ನೆರಡು ಇಂಚು ನೀರು ಅಲುಗಾಡಿದಾಗ ಮೇಲೇರುವ ಅಲೆಗೆ. ಅಂದರೆ ಆ ತೊಟ್ಟಿಗೆ 23 ಇಂಚಿಗಿಂತ ಕಡಿಮೆ ಉದ್ದದ ಕೈಗವಸು ಪ್ರಯೋಜನಕ್ಕೆ ಬರುವುದಿಲ್ಲ.

ಅಷ್ಟು ಉದ್ದದ್ದು ಸಿಗಲಿಲ್ಲವೆಂದರೆ ಇನ್ನೊಂದು ಉಪಾಯವಿದೆ, ಕೈಗವಸಿನ ಬದಲು ನೀರನ್ನೇ ಗಿಡ್ಡ ಮಾಡುವುದು. ವಾರದ ನೀರು ಬದಲಾವಣೆಯನ್ನು ಕೆಲಸದ ಕೊನೆಗೆ ಇಟ್ಟುಕೊಳ್ಳುವ ಬದಲು ಮೊದಲಿಗೇ ಮಾಡಿ. ಸೈಫನ್ ಪೈಪಿನಿಂದ ಮೂರನೇ ಒಂದು ಭಾಗ ನೀರು ತೆಗೆದ ಮೇಲೆ ಕೈ ಇಳಿಸಿದರೆ ಮುಳುಗುವ ಉದ್ದ ಹಲವು ಇಂಚು ಕಡಿಮೆಯಾಗುತ್ತದೆ. ಮೀನುಗಳಿಗೆ ಇದರಿಂದ ತೊಂದರೆಯಿಲ್ಲ. ಸೈಫನ್ ಪೈಪನ್ನು ಬಾಯಿಂದ ಎಳೆದು ನೀರು ಹರಿಸುವ ಅಭ್ಯಾಸ ಇದ್ದವರು ಇವತ್ತೇ ಬಿಟ್ಟುಬಿಡಿ. ಕೈಗೆ ಅಷ್ಟೊಂದು ಕಾಪು ಕಟ್ಟಿ, ಅದೇ ನೀರನ್ನು ಬಾಯಿಗೆ ಹೀರಿಕೊಳ್ಳುವುದರಲ್ಲಿ ಅರ್ಥವಿಲ್ಲ. ಒತ್ತುವ ಬಲ್ಬ್ ಇರುವ ಸೈಫನ್ ಅಕ್ವೇರಿಯಂ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ತೂತಿನ ಪರೀಕ್ಷೆ ಪ್ರತಿ ಸಲವೂ ಆಗಬೇಕು. ಕೈಗವಸಿನೊಳಗೆ ಗಾಳಿ ಹಿಡಿದು, ಬಾಯನ್ನು ತಿರುಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿರಿ. ಗುಳ್ಳೆ ಬಂದರೆ ಆ ಕೈಗವಸನ್ನು ತೊಟ್ಟಿಯ ಕೆಲಸದಿಂದ ತೆಗೆದುಬಿಡಿ. ಸೈಕಲ್ ಟ್ಯೂಬಿನ ಪ್ಯಾಚ್ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ, ಆ ಅಂಟಿನಲ್ಲಿರುವ ದ್ರಾವಕ ಮೀನಿಗೆ ವಿಷ.

ಕೈ ಸಿದ್ಧವಾಗುವುದು

ಉಂಗುರ, ಗಾಜಿನ ಬಳೆ, ಕೈಗಡಿಯಾರ ತೆಗೆದಿಡಿ. ಬಳೆಯ ಮೇಲೆ ಕೈಗವಸು ಎಳೆದರೆ ಅಲ್ಲೊಂದು ಉಬ್ಬು ನಿಂತು, ಅದರ ಸುತ್ತ ಚರ್ಮಕ್ಕೂ ರಬ್ಬರಿಗೂ ನಡುವೆ ಸಂದು ಉಳಿಯುತ್ತದೆ. ಬಳೆ ಒಡೆದರಂತೂ ಗಾಯವೂ ತೂತೂ ಒಟ್ಟಿಗೇ ಆಗುತ್ತವೆ. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ಮಣಿಕಟ್ಟಿನಲ್ಲಿದ್ದರೆ ಹೆಚ್ಚು ಗಮನ ಕೊಡಿ. ಹತ್ತಿಯ ದಾರ ನೀರನ್ನು ಹೀರಿ ಗಂಟೆಗಟ್ಟಲೆ ಹಿಡಿದಿಟ್ಟುಕೊಂಡು ಚರ್ಮಕ್ಕೆ ಒತ್ತುತ್ತಿರುತ್ತದೆ. ಬಿಚ್ಚಲು ಮನಸ್ಸಿಲ್ಲದವರು ಅದನ್ನು ಉದ್ದ ಕೈಗವಸಿನೊಳಗೆ ಪೂರ್ತಿ ಮುಚ್ಚುವಂತೆ ನೋಡಿಕೊಳ್ಳಬೇಕು, ದಾರ ಒದ್ದೆಯಾದರೆ ಸೋಪಿನಿಂದ ತೊಳೆದು ಒಣಗಿಸಬೇಕು.

ಉಗುರುಗಳನ್ನು ಕತ್ತರಿಸಿ ಉಜ್ಜಿ ನಯಮಾಡಿ. ಆದರೆ ಇದನ್ನು ಹಿಂದಿನ ದಿನ ಮಾಡಿಕೊಳ್ಳಿ. ತೊಟ್ಟಿ ತೊಳೆಯುವ ಹೊತ್ತಿಗೇ ಉಗುರು ತೆಗೆದರೆ ಬದಿಯಲ್ಲಿ ಹೊಸ ಗಾಯ ಉಳಿದಿರುತ್ತದೆ. ಕೈಯಲ್ಲಿ ತೆರೆದ ಗಾಯ, ಉಗುರುಸುತ್ತು, ಕೆರೆದು ನೀರಾಡುವ ಇಸುಬು ಇದ್ದರೆ ಆ ವಾರದ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ, ಅಥವಾ ಮುಂದಕ್ಕೆ ಹಾಕಿ. ಚೆನ್ನಾಗಿ ಹೊಂದಿಕೊಂಡ ತೊಟ್ಟಿ ಕೆಲವು ದಿನ ನೀರು ಬದಲಾಗದಿದ್ದರೂ ಕೆಡುವುದಿಲ್ಲ, ಮೇವು ಸ್ವಲ್ಪ ಕಡಿಮೆ ಹಾಕಿದರಾಯಿತು. ಗಾಯಕ್ಕೆ ಪ್ಲಾಸ್ಟರ್ ಅಂಟಿಸಿಕೊಂಡು ಬರಿಗೈ ಇಳಿಸುವುದು ಪರಿಹಾರವಲ್ಲ, ಪ್ಲಾಸ್ಟರಿನ ಅಂಚು ನೀರಿನಲ್ಲಿ ಬೇಗನೆ ಬಿಡುತ್ತದೆ. ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೈಗವಸು ಇದ್ದರೂ ಈ ಕೆಲಸ ಮಾಡದಿರುವುದೇ ಒಳ್ಳೆಯದು.

ಹೀಟರ್, ಫಿಲ್ಟರ್, ಏರ್ ಪಂಪ್ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ರಬ್ಬರ್ ಕೈಗವಸು ಇದೆ, ಶಾಕ್ ಹೊಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇವು ವಿದ್ಯುತ್ ಕೆಲಸಕ್ಕೆ ಪರೀಕ್ಷಿಸಿದ ಕೈಗವಸುಗಳಲ್ಲ. ಹೀಟರ್ ಆರಿಸಿ ಕಾಲು ಗಂಟೆ ಕಳೆದ ಮೇಲೆಯೇ ನೀರು ಇಳಿಸಿ. ಬಿಸಿ ಇರುವಾಗಲೇ ಹೀಟರ್ ನೀರಿನಿಂದ ಹೊರಗಾದರೆ ಅದರ ಗಾಜು ಸೀಳುತ್ತದೆ.

ತೊಡುವುದು, ಇಳಿಸುವುದು

ಕೈ ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ. ಒದ್ದೆ ಕೈಗೆ ಕೈಗವಸು ಏರುವುದೂ ಕಷ್ಟ, ಆಮೇಲೆ ಒಳಗಿನ ತೇವ ನಿಮ್ಮದೋ ತೊಟ್ಟಿಯದೋ ತಿಳಿಯುವುದೂ ಇಲ್ಲ. ಮೊದಲು ನೈಟ್ರೈಲ್ ತೊಡಿ, ಮೇಲೆ ಉದ್ದ ಕೈಗವಸನ್ನು ಬೆರಳ ಸಂದುಗಳವರೆಗೂ ಎಳೆದು ಕೂರಿಸಿ. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಉಳಿದರೆ ಅದೇ ಭಾಗ ಕಲ್ಲಿಗೆ ಸಿಕ್ಕಿ ಹರಿಯುತ್ತದೆ. ಈಗ ಮೇಲಿನ ಅಂಚನ್ನು ಎರಡಿಂಚು ಹೊರಕ್ಕೆ ಮಡಚಿ. ನೀರಿನಿಂದ ಕೈ ಎತ್ತಿ ಮೇಲಿನ ಗಾಜು ಒರೆಸಲು ಹೋದಾಗ ಕೈಗವಸಿನ ಮೇಲಿನ ನೀರು ಮೊಣಕೈ ಕಡೆಗೆ ಹರಿದು ಬರುತ್ತದೆ. ಮಡಿಕೆ ಇದ್ದರೆ ಅದು ಮಡಿಕೆಯಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ತೋಳಿಗಿಳಿದು ಮುಂದಿನ ಸಲ ಕೈ ತಗ್ಗಿಸಿದಾಗ ಒಳಗೆ ಸೇರುತ್ತದೆ. ತೊಟ್ಟಿಯ ನೀರು ಕೈಗವಸಿನ ಅಂಚಿನಿಂದ ಒಳಬಾರದಂತೆ ಜಾಗ್ರತೆ ವಹಿಸಿದವರಿಗೂ ಈ ದಾರಿ ಹೊಳೆದಿರುವುದಿಲ್ಲ.

ಅಂಚಿಗೆ ರಬ್ಬರ್ ಬ್ಯಾಂಡ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ನೀರು ತಡೆಯುವಷ್ಟು ಬಿಗಿಯಾದರೆ ರಕ್ತಸಂಚಾರ ಕಟ್ಟುತ್ತದೆ, ಸಡಿಲವಾದರೆ ನೀರು ತಡೆಯುವುದಿಲ್ಲ. ಬಟ್ಟೆಯ ಪಟ್ಟಿ ಕಟ್ಟುವುದು ಇನ್ನೂ ಕೆಟ್ಟದ್ದು, ಬಟ್ಟೆ ನೀರನ್ನು ಹೀರಿ ಒಳಕ್ಕೆ ದಾಟಿಸುತ್ತದೆ.

ಕೈಯನ್ನು ನಿಧಾನವಾಗಿ ಇಳಿಸಿ. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಕೈಗವಸು ಚರ್ಮಕ್ಕೆ ಅಂಟಿಕೊಂಡು, ಒಳಗಿನ ಗಾಳಿ ಅಂಚಿನಿಂದ ಹೊರಬರುತ್ತದೆ, ಕೈಗೆ ತಣ್ಣಗೆ ತಾಗುತ್ತದೆ. ನೀರು ಬಂತೆಂದು ಗಾಬರಿಯಾಗಿ ಕೆಲವರು ಇಲ್ಲಿಯೇ ಕೈ ಎಳೆದುಕೊಂಡುಬಿಡುತ್ತಾರೆ. ಸೋರಿಕೆಯ ಗುರುತೇ ಬೇರೆ: ಬೆರಳು ಆಡಿಸಿದಾಗ ಚರ್ಮಕ್ಕೂ ರಬ್ಬರಿಗೂ ನಡುವೆ ಜಾರಿದಂತಾಗುತ್ತದೆ, ಕೈ ಎತ್ತಿದರೆ ಒಳಗಿನಿಂದ ನೀರು ಮಣಿಕಟ್ಟಿನತ್ತ ಇಳಿದದ್ದು ಗೊತ್ತಾಗುತ್ತದೆ. ಹಾಗಾದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಇನ್ನೈದು ನಿಮಿಷ, ಮುಗಿಸಿಬಿಡೋಣ ಎನ್ನಬೇಡಿ. ಕೈಗವಸು ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಒರೆಸಿ, ಬೇರೆ ಜೊತೆ ತೊಟ್ಟು ಮುಂದುವರಿಸಿ.

ಒಳಗಿನ ಕೆಲಸದಲ್ಲಿ ಎರಡು ವಿಷಯ ಮಾತ್ರ ಹೇಳಬೇಕು. ಗಾಜಿನ ಪಾಚಿ ತೆಗೆಯಲು ಬ್ಲೇಡನ್ನು ಬೆರಳಲ್ಲಿ ಹಿಡಿಯಬೇಡಿ. ಉದ್ದ ಹಿಡಿಯ ಸ್ಕ್ರೇಪರ್ ಅಥವಾ ಮ್ಯಾಗ್ನೆಟ್ ಕ್ಲೀನರ್ ಬಳಸಿ, ಕೈ ನೀರಿಗೆ ಇಳಿಯುವ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ಗಾಜಿಗೆ ಬಾಯಿಂದ ಅಂಟಿಕೊಳ್ಳುವ ಸಕರ್ ಮೀನು ಇದ್ದರೆ ಅದನ್ನು ಕೈಯಲ್ಲಿ ಹಿಡಿಯಬೇಡಿ. ಅದರ ಎದೆಯ ಬದಿಯ ರೆಕ್ಕೆಯ ಮೊದಲ ಮುಳ್ಳು ಗಟ್ಟಿ, ಒರಟು. ಹೆದರಿದಾಗ ಅದನ್ನು ಅಗಲಿಸಿ ನಿಲ್ಲಿಸುತ್ತದೆ, ಕೈಗವಸನ್ನೂ ಬೆರಳನ್ನೂ ಒಟ್ಟಿಗೇ ಗೀರುತ್ತದೆ. ಬಲೆಗೂ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಸಮುದ್ರದ ನೀರಿನ ತೊಟ್ಟಿ ಇಟ್ಟವರಿಗೆ ಒಂದು ಮಾತು. ಝೋಯಾಂಥಿಡ್ ಹವಳಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಅತಿ ತೀವ್ರವಾದ ವಿಷವನ್ನು ಹೊಂದಿರುತ್ತವೆ. ಅವುಗಳನ್ನು ಮುಟ್ಟುವಾಗ ಕೈಗವಸಿನ ಜೊತೆ ಕಣ್ಣಿಗೆ ರಕ್ಷಣಾ ಕನ್ನಡಕವೂ ಇರಲೇಬೇಕು. ಹವಳ ಅಂಟಿದ ಕಲ್ಲನ್ನು ಎಂದೂ ಕುದಿಯುವ ನೀರಿಗೆ ಹಾಕಬಾರದು, ಆ ಆವಿಯೇ ಉಸಿರಾಟಕ್ಕೆ ಅಪಾಯ.

ತೆಗೆಯುವುದು ಮತ್ತು ಇಡುವುದು

ಕೈಗವಸು ಇನ್ನೂ ಕೈಯಲ್ಲಿರುವಾಗಲೇ ಅದರ ಹೊರಮೈಯನ್ನು ಬಚ್ಚಲಿನ ನಲ್ಲಿಯಲ್ಲಿ ಸೋಪಿನಿಂದ ತೊಳೆಯಿರಿ. ಅಡುಗೆಮನೆಯ ಸಿಂಕ್ ಬೇಡವೇ ಬೇಡ. ಫಿಲ್ಟರ್ ಸ್ಪಂಜು, ಬಕೆಟ್ ಯಾವುದೂ ಅಲ್ಲಿಗೆ ಹೋಗಬಾರದು. ತೊಳೆದ ಮೇಲೆ ಬಲಗೈ ಕೈಗವಸಿನ ಅಂಚು ಹಿಡಿದು, ಒಳಮೈ ಹೊರಬರುವಂತೆ ಬೆರಳ ಬುಡದವರೆಗೆ ಮಗುಚಿ ಅಲ್ಲಿಗೇ ಬಿಡಿ. ಹೀಗೆ ಅರ್ಧ ಮಗುಚಿದ ಬಲಗೈಯಿಂದ ಎಡಗೈಯದನ್ನು ಪೂರ್ತಿ ಎಳೆದು ತೆಗೆಯಿರಿ, ಕೊನೆಗೆ ಬಲಗೈಯದನ್ನು ಒಳಮೈ ಕಡೆಯಿಂದಲೇ ಹಿಡಿದು ಜಾರಿಸಿ. ಬರಿ ಬೆರಳು ಹೊರಮೈಗೆ ತಾಗಬಾರದು ಎಂಬುದೇ ಇದರ ಗುಟ್ಟು. ನೈಟ್ರೈಲ್ ಕೈಗವಸನ್ನೂ ಹೀಗೆಯೇ ತೆಗೆದು ಕಸಕ್ಕೆ ಹಾಕಿ, ಮತ್ತೆ ಬಳಸಬೇಡಿ. ಆಮೇಲೆ ಕೈ ಮತ್ತು ತೋಳನ್ನು ಸೋಪಿನಿಂದ ತೊಳೆಯಿರಿ, ಕೈಗವಸು ಒಣಗಿಯೇ ಇದ್ದರೂ.

ಉದ್ದ ಕೈಗವಸನ್ನು ಸೋಂಕುಮುಕ್ತ ಮಾಡಲು ಹಲವರು ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಿನಲ್ಲಿ ಅದ್ದುತ್ತಾರೆ. ಮೈಕೋಬ್ಯಾಕ್ಟೀರಿಯಂ ಮರೈನಮ್ ಅದಕ್ಕೆ ಸಾಯುವುದಿಲ್ಲ. 70 ಶೇಕಡಾ ಆಲ್ಕೋಹಾಲಿನ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಒಣಗಿಸುವಾಗ ಮೊದಲು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ನೇತುಹಾಕಿ, ಅದು ಆರಿದ ಮೇಲೆ ತಿರುಗಿಸಿ ಹೊರಮೈ ಆರಿಸಿ. ಬಿಸಿಲಿಗೆ ಹಾಕಿದರೆ ರಬ್ಬರ್ ಗಟ್ಟಿಯಾಗಿ ಬೆರಳ ಸಂದುಗಳಲ್ಲಿ ಬಿರುಕು ಬಿಡುತ್ತದೆ. ಪಾತ್ರೆ ತೊಳೆಯುವ ಜೊತೆಗೆ ಬೆರೆಯದಂತೆ ಬೇರೆ ಬಣ್ಣದ್ದನ್ನೇ ಕೊಂಡು, ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಡುವುದು ನಾನು ಹೇಳುವ ಕ್ರಮ. ತೊಟ್ಟಿಯಿಂದ ತೆಗೆದ ನೀರು ದಾಸವಾಳ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೂ ಕೈಯನ್ನು ಗಮನಿಸುತ್ತಿರಿ. ಈ ಸೋಂಕು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳ ನಂತರ, ಬೆರಳು ಅಥವಾ ಮುಂಗೈ ಮೇಲೆ ಕೆಂಪು ಅಥವಾ ನೇರಳೆ ಬಣ್ಣದ ಸಣ್ಣ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಹೆಚ್ಚು ನೋವಿರುವುದಿಲ್ಲ, ವಾಸಿಯೂ ಆಗುವುದಿಲ್ಲ. ಕೆಲವರಲ್ಲಿ ಅದು ಒಡೆದು ಹುಣ್ಣಾಗುತ್ತದೆ, ಇಲ್ಲವೇ ಅಂಥದೇ ಗಂಟುಗಳು ತೋಳಿನ ಉದ್ದಕ್ಕೂ ಒಂದರ ಮೇಲೊಂದು ಏಳುತ್ತವೆ. ಗಜಕರ್ಣಕ್ಕೆ ಎಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಇದಕ್ಕೆ ಹಚ್ಚಿದರೆ ಸೋಂಕು ಮರೆಯಲ್ಲೇ ಬೆಳೆಯುತ್ತದೆ. ಚರ್ಮರೋಗ ತಜ್ಞರಲ್ಲಿಗೆ ಹೋಗಿ, ಅವರು ಕೇಳದಿದ್ದರೂ ‘ಮನೆಯಲ್ಲಿ ಮೀನಿನ ತೊಟ್ಟಿ ಇದೆ, ನಾನೇ ತೊಳೆಯುತ್ತೇನೆ’ ಎಂದು ಹೇಳಿ. ಆ ಒಂದು ಮಾತಿಲ್ಲದೆ ಅವರಿಗೂ ಇದು ಸುಲಭವಾಗಿ ಹೊಳೆಯುವಂಥದ್ದಲ್ಲ. ಗಂಟಿನ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುವಾಗ ಕಾರಣವನ್ನು ಚೀಟಿಯಲ್ಲಿ ಬರೆಯಿಸಿ. ಮಾಮೂಲಿನ 37 ಡಿಗ್ರಿಯಲ್ಲಿ ಇಟ್ಟರೆ ಈ ಬ್ಯಾಕ್ಟೀರಿಯಾ ಬೆಳೆಯದೇ ವರದಿ ಏನೂ ಇಲ್ಲವೆಂದು ಬರುವ ಸಾಧ್ಯತೆ ಇದೆ, ಅದನ್ನು 30 ಡಿಗ್ರಿಯ ಆಸುಪಾಸಿನಲ್ಲಿ ವಾರಗಳ ಕಾಲ ಬೆಳೆಸಿ ನೋಡಬೇಕು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮತ್ತು ಪೈರಾಜಿನಮೈಡ್ ಇದರ ಮೇಲೆ ಕೆಲಸ ಮಾಡದ ಕಾರಣ, ಯಾವ ಔಷಧ ಎಷ್ಟು ತಿಂಗಳು ಎಂಬುದು ಆ ವರದಿಯ ಮೇಲೆಯೇ ನಿಂತಿರುತ್ತದೆ.